ಹೊರಬಾಗಿಲ ದಾರಿಗೆ ಬ್ಯಾಟರಿ ಅಡ್ಡ ಬರದಿರಲಿ

ಚೇತನ್,

ನೀನು ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಂಡ ಸುದ್ದಿಯನ್ನು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬ ಸಂತೋಷವಾಯಿತು ಕಣಪ್ಪ. ಸ್ವಂತ ಸಂಬಳದಲ್ಲಿ ಕೊಂಡ ಮೊದಲ ಗಾಡಿ ಅದು. ಪೆಟ್ರೋಲಿನ ಖರ್ಚು ಉಳಿಯುತ್ತದೆ, ಬೆಂಗಳೂರಿನ ಗಾಳಿಗೆ ನಿನ್ನ ಪಾಲಿನ ಹೊಗೆ ಸೇರುವುದಿಲ್ಲ, ಸದ್ದಿಲ್ಲದೆ ಓಡುತ್ತದೆ. ಒಳ್ಳೆಯ ಆಯ್ಕೆಯನ್ನೇ ಮಾಡಿದ್ದೀಯ. ಅದರ ಜೊತೆಗೆ, ಬದುಕಿನುದ್ದಕ್ಕೂ ವೈರಿಂಗ್ ಕೆಲಸವನ್ನೇ ನೆಚ್ಚಿಕೊಂಡ ನಿನ್ನ ದೊಡ್ಡಪ್ಪ ಹೇಳುವ ಒಂದು ಮಾತನ್ನು ಮನಸ್ಸಿಗೆ ಹಾಕಿಕೊ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಮಲಗುವ ಜಾಗಕ್ಕೂ ಮನೆಯ ಹೊರಬಾಗಿಲಿಗೂ ನಡುವೆ ಆ ಬ್ಯಾಟರಿ ಇರಬಾರದು. ಮನೆಯವರೆಲ್ಲ ನಿದ್ದೆಯಲ್ಲಿರುವಾಗ ಅದು ಚಾರ್ಜಿನಲ್ಲಿ ಇರಬಾರದು. ಮುಂದೆ ಹೇಳುವುದೆಲ್ಲ ಈ ಎರಡು ಮಾತಿನ ವಿವರಣೆ ಅಷ್ಟೇ. ಬೇರೇನು ಮರೆತರೂ ಇವೆರಡನ್ನು ಮರೆಯಬೇಡ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ರಸ್ತೆಯಲ್ಲಿ ಓಡುವ ಲಕ್ಷಾಂತರ ಎಲೆಕ್ಟ್ರಿಕ್ ಗಾಡಿಗಳಲ್ಲಿ ಬೆಂಕಿ ಹತ್ತಿಕೊಳ್ಳುವುದು ಬಹಳ ಅಪರೂಪ. ಪೆಟ್ರೋಲ್ ಗಾಡಿಗಳೂ ಹೊತ್ತಿ ಉರಿದದ್ದನ್ನು ನಾವು ಕಂಡಿದ್ದೇವೆ. ಆದರೆ ಪೆಟ್ರೋಲ್ ಗಾಡಿಯನ್ನು ಯಾರೂ ರಾತ್ರಿಯಿಡೀ ಕರೆಂಟಿಗೆ ಸಿಕ್ಕಿಸಿ ನಡುಮನೆಯಲ್ಲಿ ನಿಲ್ಲಿಸುವುದಿಲ್ಲ, ಅದರ ಟ್ಯಾಂಕನ್ನು ಕಳಚಿಕೊಂಡು ಮೂರನೇ ಮಹಡಿಯ ಮಲಗುವ ಕೋಣೆಗೆ ಒಯ್ಯುವುದಿಲ್ಲ. ಬ್ಯಾಟರಿಯನ್ನು ಮಾತ್ರ ನಾವು ಫೋನಿನಷ್ಟೇ ಸಲೀಸಾಗಿ ಮನೆಯೊಳಗೆ ಬಿಟ್ಟುಕೊಂಡಿದ್ದೇವೆ. ತೊಂದರೆ ಇರುವುದು ಇಲ್ಲಿಯೇ.

ನಿನ್ನ ಕಾಲ ಕೆಳಗಿನ ಪೆಟ್ಟಿಗೆಯಲ್ಲಿ ಏನಿದೆ ಎಂದು ತಿಳಿದುಕೊ. ಅದು ಒಂದೇ ಬ್ಯಾಟರಿಯಲ್ಲ. ಬೆರಳುದ್ದದ ಲೋಹದ ಕೊಳವೆಯಂಥ ಸೆಲ್‌ಗಳನ್ನು ಸಾಲುಸಾಲಾಗಿ ಜೋಡಿಸಿದ ಗೊಂಚಲು. ಬಹಳ ಬಳಕೆಯಲ್ಲಿರುವ ಒಂದು ಅಳತೆಯ ಸೆಲ್ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಇರುತ್ತದೆ. ಇದಕ್ಕಿಂತ ಸ್ವಲ್ಪ ದೊಡ್ಡದು 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. ಮೂರು ಯೂನಿಟ್ ಕರೆಂಟು ಹಿಡಿಯುವ ಗಾಡಿಯಲ್ಲಿ ಇಂಥವು ನೂರಕ್ಕೂ ಮೀರಿ ಇರುತ್ತವೆ. ಪ್ರತಿ ಸೆಲ್ಲಿನೊಳಗೂ ಎರಡು ಲೋಹದ ಹಾಳೆಗಳನ್ನು ಒಟ್ಟಿಗೆ ಸುರುಳಿ ಸುತ್ತಿರುತ್ತಾರೆ. ಅವು ಒಂದಕ್ಕೊಂದು ತಾಗದಂತೆ ನಡುವೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ. ಅದನ್ನೆಲ್ಲ ನೆನೆಸಿಟ್ಟಿರುವ ದ್ರವ ಸುಲಭವಾಗಿ ಹತ್ತಿಕೊಳ್ಳುವಂಥದ್ದು. ಆ ತೆಳು ಪರದೆ ಸರಿಯಾಗಿರುವಷ್ಟು ದಿನ ಎಲ್ಲವೂ ಸರಿ.

ಆ ಪರದೆ ಕೆಡುವುದಕ್ಕೆ ನಾಲ್ಕಾರು ಕಾರಣಗಳಿವೆ. ತಯಾರಾಗುವಾಗಲೇ ಒಳಗೆ ಸೇರಿಕೊಂಡ ಲೋಹದ ಚೂರು ಇರಬಹುದು. ಗಾಡಿ ಬಿದ್ದು ಪೆಟ್ಟಾಗಿರಬಹುದು, ಒಳಗೆ ನೀರು ಹೋಗಿರಬಹುದು. ಅಳತೆ ಮೀರಿ ಚಾರ್ಜ್ ಆಗಿರಬಹುದು, ಇಲ್ಲವೇ ಪೂರ್ತಿ ಬರಿದಾದ ಮೇಲೆ ತಿಂಗಳುಗಟ್ಟಲೆ ಹಾಗೇ ಬಿಟ್ಟಿರಬಹುದು. ಕಾರಣ ಯಾವುದಾದರೂ ಕೊನೆಗೆ ಆಗುವುದು ಒಂದೇ: ಒಂದು ಸೆಲ್ಲಿನೊಳಗೆ ಶಾರ್ಟ್ ಆಗಿ ಅದು ಬಿಸಿಯಾಗತೊಡಗುತ್ತದೆ. ಶಾಖ ಸುಮಾರು 130 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಪರದೆ ಕರಗುತ್ತದೆ. ಅಲ್ಲಿಂದಾಚೆಗೆ ಹೊರಗಿನ ಕರೆಂಟು ಬೇಕಾಗಿಯೇ ಇಲ್ಲ, ಒಳಗಿನ ರಾಸಾಯನಿಕಗಳೇ ಶಾಖ ಹುಟ್ಟಿಸುತ್ತವೆ. ಆ ಶಾಖ ರಾಸಾಯನಿಕ ಕ್ರಿಯೆಯನ್ನು ಇನ್ನಷ್ಟು ಕೆರಳಿಸುತ್ತದೆ. ಒಂದು ಸೆಲ್ ಸಿಡಿದರೆ ಪಕ್ಕದ್ದು, ಅದರಿಂದ ಮತ್ತೊಂದು, ಸರಪಟಾಕಿಯ ಹಾಗೆ. ಅದರಲ್ಲೂ ನಿಕ್ಕಲ್ ಬಳಸಿದ ಸೆಲ್‌ಗಳು ಬಿಸಿಯಾದಾಗ ಒಳಗಿನಿಂದಲೇ ಆಮ್ಲಜನಕ ಬಿಡುತ್ತವೆ. ಒದ್ದೆ ಗೋಣಿಚೀಲ ಹೊದಿಸಿದರೆ, ಮರಳು ಸುರಿದರೆ ಈ ಬೆಂಕಿ ಆರುವುದಿಲ್ಲ ಎನ್ನುವುದು ಅದಕ್ಕೇ. ಐರನ್ ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ ಬ್ಯಾಟರಿಗಳು ಇದಕ್ಕಿಂತ ಹೆಚ್ಚು ಶಾಖ ತಡೆಯುತ್ತವೆ, ಒಮ್ಮೆಗೇ ಭುಗಿಲೇಳುವುದು ಕಡಿಮೆ. ಆದರೆ ಕೆಟ್ಟರೆ ಅವೂ ಹತ್ತಿ ಉರಿಯುವಂಥ ಅನಿಲವನ್ನೇ ಉಗುಳುತ್ತವೆ. ‘ನಮ್ಮದು ಎಲ್‌ಎಫ್‌ಪಿ, ಏನೂ ಆಗಲ್ಲ’ ಎಂದು ಮೈಮರೆಯುವುದು ಬೇಡ.

ಇನ್ನು ಹೊಗೆಯ ವಿಚಾರ. ಇದು ಸೌದೆಯ ಹೊಗೆಯಂಥದ್ದಲ್ಲ. ಇದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಹೈಡ್ರೋಜನ್ ಇರುತ್ತದೆ, ಶ್ವಾಸಕೋಶವನ್ನೇ ಸುಡುವ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ. ಬೆಂಕಿ ಮಲಗುವ ಕೋಣೆಗೆ ಬರುವ ಮೊದಲೇ ಹೊಗೆ ಬಂದಿರುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು.

2022ರ ಮಾರ್ಚ್ ಕೊನೆಯಲ್ಲಿ ತಮಿಳುನಾಡಿನ ವೇಲೂರಿನಲ್ಲಿ ಆದದ್ದು ಇದೇ. ರಾತ್ರಿ ಮನೆಯ ಮುಂದೆಯೇ ಸ್ಕೂಟರನ್ನು ಚಾರ್ಜಿಗೆ ಹಾಕಿ ತಂದೆ, ಮಗಳು ಮಲಗಿದ್ದರು. ಬೆಂಕಿ ಹತ್ತಿತು, ಹೊರಗೆ ಬರುವ ದಾರಿ ಮುಚ್ಚಿಹೋಯಿತು. ಹೊಗೆಯಲ್ಲಿ ಉಸಿರು ಕಟ್ಟಿ ಇಬ್ಬರೂ ತೀರಿಕೊಂಡರು. ಮಗಳಿಗೆ ಇನ್ನೂ 13 ವರ್ಷ. ಮರು ತಿಂಗಳು ವಿಜಯವಾಡದಲ್ಲಿ ಗಾಡಿಯಿಂದ ಕಳಚಿ ತಂದ ಬ್ಯಾಟರಿ ಮಲಗುವ ಕೋಣೆಯಲ್ಲಿ ಚಾರ್ಜಿಗಿದ್ದಾಗ ಸಿಡಿದು ಮನೆಯ ಯಜಮಾನ ಸತ್ತ, ಹೆಂಡತಿ ಮಕ್ಕಳಿಗೆ ಸುಟ್ಟ ಗಾಯಗಳಾದವು. ಅದೇ ವರ್ಷ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಮಾರುವ ಮಳಿಗೆ, ಮೇಲೆ ಲಾಡ್ಜ್ ಇದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಹೊಗೆ ಮೆಟ್ಟಿಲ ದಾರಿಯಲ್ಲೇ ಮೇಲೇರಿತು. ಅಲ್ಲಿ 8 ಮಂದಿ ಸತ್ತರು. ನಮ್ಮ ಬೆಂಗಳೂರಿನ ರಾಜಾಜಿನಗರದಲ್ಲೂ 2024ರ ನವೆಂಬರ್ 19ರ ಸಂಜೆ ಎಲೆಕ್ಟ್ರಿಕ್ ಗಾಡಿಗಳ ಮಳಿಗೆಗೆ ಬೆಂಕಿ ಬಿದ್ದಾಗ, ಅಲ್ಲಿ ಕೆಲಸಕ್ಕಿದ್ದ ಇಪ್ಪತ್ತು ವರ್ಷದ ಹುಡುಗಿ ಹೊರಗೆ ಬರಲಾಗದೆ ಒಳಗೇ ಪ್ರಾಣ ಬಿಟ್ಟಳು.

ಈ ನಾಲ್ಕೂ ಕಡೆ ಬೆಂಕಿಯ ಮೂಲ ಕಾರಣ ಬೇರೆ ಬೇರೆ ಇರಬಹುದು. ಆದರೆ ಸತ್ತವರೆಲ್ಲ ಒಳಗಿದ್ದರು. ಬೆಂಕಿ, ಹೊಗೆ ಅವರ ಪಕ್ಕದಲ್ಲೋ ಅವರು ಹೊರಬರುವ ದಾರಿಯಲ್ಲೋ ಇತ್ತು. ಅದೇ ಗಾಡಿ ಬಯಲಿನಲ್ಲಿ ಒಂಟಿಯಾಗಿ ನಿಂತು ಉರಿದಿದ್ದರೆ ನಷ್ಟ ಬರೀ ದುಡ್ಡಿನದು.

ಇದು ನನ್ನ ಊಹೆಯಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ ಊಟ ತಲುಪಿಸುವ ಹುಡುಗರು ಸಾವಿರಾರು ಮಂದಿ ಎಲೆಕ್ಟ್ರಿಕ್ ಸೈಕಲ್ ಓಡಿಸುತ್ತಾರೆ, ಬ್ಯಾಟರಿಗಳನ್ನು ಚಿಕ್ಕ ಬಾಡಿಗೆ ಕೋಣೆಗಳಲ್ಲಿ ಚಾರ್ಜ್ ಮಾಡುತ್ತಾರೆ. ಅಲ್ಲಿನ ಅಗ್ನಿಶಾಮಕ ಇಲಾಖೆಯ ಲೆಕ್ಕದಂತೆ 2023ರಲ್ಲಿ ಇಂಥ ಬ್ಯಾಟರಿಗಳಿಂದ 268 ಬೆಂಕಿ ಅನಾಹುತಗಳಾಗಿ 18 ಮಂದಿ ಸತ್ತರು. ಪರೀಕ್ಷೆಯಾಗಿ ಪ್ರಮಾಣಪತ್ರ ಪಡೆಯದ ಬ್ಯಾಟರಿಯನ್ನು ಮಾರಬಾರದು ಎಂದು ಅದೇ ವರ್ಷ ಕಾನೂನು ತಂದರು, ಮನೆಯೊಳಗೆ ಚಾರ್ಜ್ ಮಾಡಬೇಡಿ ಎಂದು ಓಣಿ ಓಣಿಯಲ್ಲಿ ಸಾರಿದರು. 2024ರಲ್ಲಿ ಬೆಂಕಿಯ ಸಂಖ್ಯೆ ಇಳಿಯಲಿಲ್ಲ, 277 ಆಯಿತು. ಆದರೆ ಸತ್ತವರ ಸಂಖ್ಯೆ 6ಕ್ಕೆ ಇಳಿಯಿತು. ಆ ವರ್ಷ ಕಟ್ಟಡದ ಹೊರಗೆ ಹೊತ್ತಿಕೊಂಡ ಬೆಂಕಿಗಳೇ ಹಿಂದಿಗಿಂತ ಹೆಚ್ಚಿದ್ದವು. ಬ್ಯಾಟರಿ ಎಲ್ಲಿ ಇಟ್ಟಿರುತ್ತೇವೆ ಎನ್ನುವುದು ಎಷ್ಟು ಜೀವ ಉಳಿಸಬಲ್ಲದು, ನೋಡು.

ಈಗ ನಿನ್ನ ಮನೆಯ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ 30-40 ಸೈಟಿನ ಮನೆಗಳನ್ನು ನಾನು ಚೆನ್ನಾಗಿ ಬಲ್ಲೆ. ಮೂರು ಮಹಡಿಗೂ ಸೇರಿ ಒಂದೇ ಮೆಟ್ಟಿಲು, ಅದೂ ಎರಡೂವರೆ ಮೂರು ಅಡಿ ಅಗಲದ್ದು. ಮೆಟ್ಟಿಲು ಇಳಿದರೆ ಕೆಳಗೆ ಪಾರ್ಕಿಂಗ್. ಮೀಟರ್ ಬೋರ್ಡು ಇರುವುದೂ ಅಲ್ಲೇ, ಮೆಟ್ಟಿಲ ಬುಡದ ಗೋಡೆಯಲ್ಲಿ. ಮೀಟರ್ ಹತ್ತಿರ ಇದೆಯಲ್ಲ ಎಂದು ಚಾರ್ಜಿಂಗ್ ಪಾಯಿಂಟನ್ನೂ ಅಲ್ಲಿಗೇ ಎಳೆಯುತ್ತಾರೆ. ಹೀಗಾಗಿ ಸ್ಕೂಟರು ಮೆಟ್ಟಿಲ ಬಾಯಿಗೇ ಬಂದು ನಿಲ್ಲುತ್ತದೆ. ಅಕ್ಕಪಕ್ಕದಲ್ಲಿ ಪೆಟ್ರೋಲ್ ಬೈಕುಗಳು, ಮೂಲೆಯಲ್ಲಿ ಹಳೇ ಸೋಫಾ, ರಟ್ಟಿನ ಡಬ್ಬಗಳು, ಖಾಲಿ ಸಿಲಿಂಡರು. ಕಳ್ಳರ ಭಯಕ್ಕೆ ಕಿಟಕಿಗೆಲ್ಲ ಕಬ್ಬಿಣದ ಗ್ರಿಲ್ ಬೇರೆ. ಕೆಳಗೆ ಬೆಂಕಿ ಎದ್ದರೆ ಹೊಗೆಗೆ ಆ ಮೆಟ್ಟಿಲೇ ಚಿಮಣಿ, ಮೇಲಿನ ಮೂರು ಸಂಸಾರಕ್ಕೂ ಇಳಿಯಲು ಬೇರೆ ದಾರಿಯಿಲ್ಲ.

ಆದ್ದರಿಂದ ಮೊದಲು ಗಾಡಿಯ ಜಾಗ ಬದಲಾಯಿಸು. ಮೆಟ್ಟಿಲಿನಿಂದ, ಹೊರಬಾಗಿಲಿನಿಂದ, ಗ್ಯಾಸ್ ಸಿಲಿಂಡರಿನಿಂದ ಆದಷ್ಟು ದೂರಕ್ಕೆ, ಕಾಂಪೌಂಡ್ ಗೇಟಿನ ಕಡೆಗೆ, ಗಾಳಿಯಾಡುವ ಕಡೆ ನಿಲ್ಲಿಸು. ಬಿಸಿಲು ನೇರ ಬೀಳದಂತೆ, ಮಳೆಯ ಇರಚಲು ತಾಗದಂತೆ ಮೇಲೊಂದು ತಗಡಿನ ಶೀಟು ಹಾಕಿಸು. ಚಾರ್ಜಿಂಗ್ ಪಾಯಿಂಟನ್ನು ಅಲ್ಲಿಗೇ ಎಳೆಸು. ಮನೆ ಓನರ್ ಒಪ್ಪಬೇಕು ಎನ್ನುತ್ತೀಯೇನೋ. ಅವರ ಹತ್ತಿರ ಕೂತು ಸಮಾಧಾನವಾಗಿ ಮಾತಾಡು. ‘ಸಾರ್, ನಿಮ್ಮ ಮನೆಯವರೂ ಇದೇ ಮೆಟ್ಟಿಲು ಇಳಿದು ಬರಬೇಕಲ್ಲವಾ’ ಎಂದು ಕೇಳು. ವೈರಿನ ಖರ್ಚನ್ನು ನಾನೇ ಕೊಡುತ್ತೇನೆ ಎನ್ನು. ಒಪ್ಪದ ಓನರ್ ಸಿಗುವುದು ಕಷ್ಟ. ನೀನು ಮಾತಾಡಲು ಹಿಂಜರಿದರೆ ನಾನೇ ಬಂದು ಮಾತಾಡುತ್ತೇನೆ.

ಕಳಚಿ ಒಯ್ಯುವ ಬ್ಯಾಟರಿ ಇರುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಿನ್ನ ಪಿಜಿ ಗೆಳೆಯರಿಗೂ ಹೇಳು. ನಾಲ್ಕು ಜನ ಮಲಗುವ ಕೋಣೆಯಲ್ಲಿ ಮಂಚದ ಕೆಳಗೆ, ಬಾಗಿಲ ಹಿಂದೆ, ಹಾಸಿಗೆಯ ಪಕ್ಕ ಬ್ಯಾಟರಿ ಇಟ್ಟು ಚಾರ್ಜ್ ಮಾಡಬಾರದು. ಬೇರೆ ದಾರಿಯೇ ಇಲ್ಲದಿದ್ದರೆ ಹೊರಗೆ ತೆರೆದುಕೊಂಡ ಬಾಲ್ಕನಿ ಇರಲಿ, ಕೆಳಗೆ ಬರಿಯ ಸಿಮೆಂಟ್ ನೆಲ ಇರಲಿ, ಸುತ್ತ ಬಟ್ಟೆ, ಪೇಪರ್, ಪರದೆ ಇರದಿರಲಿ, ಎಚ್ಚರವಾಗಿರುವ ಒಬ್ಬರು ಮನೆಯಲ್ಲಿರಲಿ.

ಹೊತ್ತಿನ ವಿಷಯ. ರಾತ್ರಿ ಸಿಕ್ಕಿಸಿ ಬೆಳಿಗ್ಗೆ ತೆಗೆಯುವುದು ಎಲ್ಲರಿಗೂ ಅಭ್ಯಾಸ, ಫೋನಿನಿಂದ ಬಂದದ್ದು. ಅದನ್ನು ಬಿಡಬೇಕು. ಕೆಲಸದಿಂದ ಬಂದ ತಕ್ಷಣವೂ ಹಾಕಬೇಡ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ, ಏಪ್ರಿಲ್ ಬಿಸಿಲಿನಲ್ಲಿ ಬೆಂದು ಬಂದ ಬ್ಯಾಟರಿ ಒಳಗೆ ಕಾದಿರುತ್ತದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಆರಲು ಬಿಡು. ಕೈಕಾಲು ತೊಳೆದು, ಕಾಫಿ ಕುಡಿದು ಆಮೇಲೆ ಹಾಕು. ಮಲಗುವ ಮೊದಲು ತೆಗೆ. ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸುವ ನಿನಗೆ ದಿನವೂ ನೂರಕ್ಕೆ ನೂರು ತುಂಬಿಸುವ ಅಗತ್ಯವೇ ಇಲ್ಲ. ಎಂಬತ್ತು ತೊಂಬತ್ತಕ್ಕೆ ನಿಲ್ಲಿಸಿದರೆ ಬ್ಯಾಟರಿಯ ಆಯಸ್ಸಿಗೂ ಒಳ್ಳೆಯದು. ನೂರು ಯಾವಾಗ ತುಂಬಿಸಬೇಕು ಎಂದು ಕಂಪನಿಯ ಪುಸ್ತಕದಲ್ಲಿ ಬರೆದಿದ್ದರೆ ಅದನ್ನು ಪಾಲಿಸು. ದಸರಾ ರಜೆಗೆ ಊರಿಗೆ ಬರುವಾಗ ಚಾರ್ಜಿನಲ್ಲಿ ಬಿಟ್ಟು ಬರಬೇಡ, ಹಾಗೆಂದು ಪೂರ್ತಿ ಖಾಲಿ ಮಾಡಿಯೂ ಬರಬೇಡ. ಅರ್ಧದಷ್ಟು ಇರಲಿ. ಪೂರ್ತಿ ಬರಿದಾಗಿ ಬಹಳ ದಿನ ಬಿದ್ದಿರುವ ಸೆಲ್ಲಿನೊಳಗೆ ತಾಮ್ರದ ಹಾಳೆಯೇ ಕರಗಲು ಶುರುವಾಗುತ್ತದೆ. ಆಮೇಲೆ ಅದನ್ನು ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಶಾರ್ಟ್ ಆಗಬಹುದು.

ಇನ್ನು ಪ್ಲಗ್ಗು, ವೈರು. ಇದು ನನ್ನ ಕಸುಬು, ಸ್ವಲ್ಪ ಸಾವಧಾನವಾಗಿ ಕೇಳು. ಮನೆಯಲ್ಲಿ ಬಳಸುವ ಸಾಮಾನ್ಯ ಸ್ಕೂಟರ್ ಚಾರ್ಜರ್ ಎಳೆಯುವ ಕರೆಂಟು ಹೆಚ್ಚುಕಡಿಮೆ ಇಸ್ತ್ರಿಪೆಟ್ಟಿಗೆಯಷ್ಟು. ಇಸ್ತ್ರಿ ಹತ್ತು ನಿಮಿಷದ ಕೆಲಸ, ಇದು ನಾಲ್ಕೈದು ಗಂಟೆ ಎಡೆಬಿಡದೆ. ಹಳೆಯ ಮನೆಯ ಚಿಕ್ಕ ಸಾಕೆಟ್ಟಿನಲ್ಲಿ ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿರುತ್ತದೆ. ಪಿನ್ನು ಬಿಗಿಯಾಗಿ ಕೂರದೆ ಒಳಗೇ ಸಣ್ಣ ಕಿಡಿ ಹಾರುತ್ತಿರುತ್ತದೆ. ಮೊದಲು ಸಾಕೆಟ್ಟಿನ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಆಮೇಲೆ ಕಂದು, ಆಮೇಲೆ ಕಪ್ಪು. ಪ್ಲಗ್ ಎಳೆದಾಗ ಪಿನ್ನು ಬೆರಳಿಗೆ ಚುರುಕ್ಕೆನ್ನುತ್ತದೆ, ಹತ್ತಿರ ಹೋದರೆ ಹಸಿ ಮೀನಿನಂಥ ವಾಸನೆ ಬರುತ್ತದೆ. ಈ ಬಣ್ಣ, ಈ ಬಿಸಿ, ಈ ವಾಸನೆಯಲ್ಲಿ ಒಂದು ಕಂಡರೂ ಆ ಪಾಯಿಂಟನ್ನು ಅವತ್ತೇ ನಿಲ್ಲಿಸು. ಬೆಂಕಿ ಯಾವಾಗಲೂ ಬ್ಯಾಟರಿಯಿಂದಲೇ ಶುರುವಾಗಬೇಕೆಂದಿಲ್ಲ. ಗೋಡೆಯ ಸಾಕೆಟ್ಟಿನಿಂದ ಶುರುವಾಗಿ ಗಾಡಿಗೆ ಹಬ್ಬಿದರೂ ಕೊನೆಗೆ ಉರಿಯುವುದು ಅದೇ ಬ್ಯಾಟರಿ.

ಮೀಟರಿನಿಂದ ಗಾಡಿಗೆಂದೇ ಬೇರೆ ಲೈನು ಎಳೆಸು. 16 ಆಂಪ್ ಸಾಕೆಟ್ಟು, ಐಎಸ್‌ಐ ಗುರುತಿನ ತಾಮ್ರದ ವೈರು, ಅದಕ್ಕೆ ತಕ್ಕ ಎಂಸಿಬಿ, ಜೊತೆಗೆ 30 ಮಿಲಿ ಆಂಪಿನ ಆರ್‌ಸಿಸಿಬಿ ಇರಲಿ. ಎಂಸಿಬಿ ಶಾರ್ಟ್ ಆದರೆ, ಲೋಡ್ ಮೀರಿದರೆ ಕರೆಂಟು ಕಡಿಯುತ್ತದೆ. ಆರ್‌ಸಿಸಿಬಿ ಕರೆಂಟು ನೆಲಕ್ಕೆ ಸೋರಿದರೆ, ನಿನಗೆ ಶಾಕ್ ಹೊಡೆಯುವ ಹೊತ್ತಿಗೆ ಕಡಿಯುತ್ತದೆ. ಎರಡರ ಕೆಲಸ ಬೇರೆ ಬೇರೆ, ಒಂದಿದ್ದರೆ ಸಾಕು ಎನ್ನುವ ಮಾತು ಕೇಳಬೇಡ. ಅರ್ತಿಂಗ್ ನಿಜವಾಗಿಯೂ ಇದೆಯೇ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮೀಟರ್ ಹಿಡಿದು ನೋಡಿಸು. ಮೂರು ತೂತಿನ ಸಾಕೆಟ್ಟು ಇದ್ದ ಮಾತ್ರಕ್ಕೆ ಅರ್ತಿಂಗ್ ಇದೆ ಎಂದುಕೊಳ್ಳಬೇಡ. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬೋರ್ಡು ಇಳಿಬಿಟ್ಟು ಚಾರ್ಜ್ ಮಾಡುವುದಂತೂ ಬೇಡವೇ ಬೇಡ. ಆ ಬೋರ್ಡಿನ ವೈರು ಟಿವಿಗೆ, ಮೊಬೈಲಿಗೆ ಸಾಕಾಗುವಂಥದ್ದು.

ಚಾರ್ಜರ್ ಕಂಪನಿಯದೇ ಇರಬೇಕು. ಪಿನ್ನು ಹೊಂದುತ್ತದೆ ಎಂದು ಗೆಳೆಯನ ಗಾಡಿಯ ಚಾರ್ಜರ್ ಸಿಕ್ಕಿಸಬೇಡ. ನಿಕ್ಕಲ್ ಸೆಲ್ 4.2 ವೋಲ್ಟಿಗೆ ತುಂಬುತ್ತದೆ, ಎಲ್‌ಎಫ್‌ಪಿ ಸೆಲ್ 3.65ಕ್ಕೆ. ಒಂದರ ಚಾರ್ಜರನ್ನು ಇನ್ನೊಂದಕ್ಕೆ ಹಾಕಿದರೆ ಅಳತೆ ಮೀರಿ ತುಂಬುವ ಅಪಾಯವಿದೆ. ಚಾರ್ಜರಿನ ಮೇಲೆ ಬಟ್ಟೆ, ಹೆಲ್ಮೆಟ್ಟು, ರೇನ್‌ಕೋಟು ಹಾಕಬೇಡ. ಅದಕ್ಕೆ ಗಾಳಿ ಬೇಕು.

ಮಳೆಗಾಲ ಬಂತೆಂದರೆ ಬೆಂಗಳೂರಿನ ಬೇಸ್‌ಮೆಂಟುಗಳಿಗೆ ನೀರು ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ಎಷ್ಟು ಗಾಡಿಗಳು ಮುಳುಗಿದವು ಎಂದು ನೀನೂ ಟಿವಿಯಲ್ಲಿ ನೋಡಿದ್ದೀಯ. ಮಳೆಯಲ್ಲಿ ಓಡಿಸುವುದಕ್ಕೆ ಹೆದರಬೇಕಿಲ್ಲ, ಗಾಡಿಯನ್ನು ಅದಕ್ಕೆಂದೇ ಮಾಡಿರುತ್ತಾರೆ. ಆದರೆ ನಿಂತ ನೀರಿನಲ್ಲಿ ಬ್ಯಾಟರಿ ಮಟ್ಟದವರೆಗೆ ಮುಳುಗಿದ ಗಾಡಿಯನ್ನು ಒರೆಸಿ, ಒಣಗಿಸಿ ಮತ್ತೆ ಚಾರ್ಜಿಗೆ ಹಾಕಬೇಡ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ತನ್ನ ಕೆಲಸ ಮಾಡುತ್ತಿರುತ್ತದೆ. ದಿನಗಳ ನಂತರ ಹತ್ತಿಕೊಳ್ಳಬಹುದು. ಅಂಥ ಗಾಡಿಯನ್ನು ಸ್ಟಾರ್ಟ್ ಮಾಡದೆ, ಕಟ್ಟಡದಿಂದ ದೂರ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ತಿಳಿಸು. ಗಾಡಿ ಜೋರಾಗಿ ಬಿದ್ದರೂ, ರೋಡ್ ಹಂಪಿಗೆ ತಳ ಬಡಿದರೂ ಅಷ್ಟೇ. ಹೊರಗೆ ಗೀರು ಮಾತ್ರ ಕಾಣುತ್ತಿದೆ ಎಂದು ಸುಮ್ಮನಾಗದೆ ಬ್ಯಾಟರಿಯನ್ನು ತೋರಿಸಿಬಿಡು.

ಮುಂದೊಂದು ದಿನ ರೇಂಜ್ ಕಡಿಮೆಯಾಗುತ್ತದೆ. ಆಗ ಯಾರೋ ಒಬ್ಬ ‘ಅಣ್ಣಾ, ಕಂಪನಿಯವರು ಸುಮ್ಮನೆ ದುಡ್ಡು ಕೀಳ್ತಾರೆ, ಅರ್ಧ ರೇಟಿಗೆ ಸೆಲ್ ಹಾಕ್ಕೊಡ್ತೀನಿ’ ಎನ್ನುತ್ತಾನೆ. ಇಲ್ಲಿ ಮನಸ್ಸು ಗಟ್ಟಿ ಮಾಡು. ಬಳಸಿ ಬಿಟ್ಟ ಹಳೆಯ ಸೆಲ್‌ಗಳಿಗೆ ಹೊಸ ಪ್ಲಾಸ್ಟಿಕ್ ಹೊದಿಸಿ ಹೊಸದೆಂದು ಮಾರುವವರಿದ್ದಾರೆ. ಹೊಸದನ್ನೂ ಹಳೆಯದನ್ನೂ ಬೆರೆಸಿದ ಪ್ಯಾಕಿನಲ್ಲಿ ದುರ್ಬಲ ಸೆಲ್ ಮೊದಲು ಬರಿದಾಗುತ್ತದೆ, ಮೊದಲು ಅಳತೆ ಮೀರಿ ತುಂಬುತ್ತದೆ, ಮೊದಲು ಕಾಯುತ್ತದೆ. ಪ್ಯಾಕಿನೊಳಗೆ ಬಿಎಂಎಸ್ ಎಂಬ ಸರ್ಕ್ಯೂಟ್ ಬೋರ್ಡು ಇರುತ್ತದೆ. ಸೆಲ್‌ಗಳ ವೋಲ್ಟೇಜು, ಶಾಖ ನೋಡಿಕೊಂಡು ಹದ ತಪ್ಪಿದರೆ ಕರೆಂಟು ಕಡಿಯುವುದು ಅದರ ಕೆಲಸ. ಗಾಡಿ ಪದೇ ಪದೇ ಕಟ್ ಆಗುತ್ತಿದೆ ಎಂದು ಆ ಬೋರ್ಡನ್ನೇ ಬೈಪಾಸ್ ಮಾಡಿಕೊಡುವ ‘ಎಕ್ಸ್‌ಪರ್ಟು’ಗಳೂ ಇದ್ದಾರೆ. ಕಾವಲಿಗಿದ್ದವನನ್ನೇ ಅಟ್ಟಿದ ಮೇಲೆ ಮನೆಗೆ ಗತಿ ಯಾರು?

2022ರ ಅನಾಹುತಗಳ ನಂತರ ಕೇಂದ್ರ ಸರ್ಕಾರ ತಜ್ಞರಿಂದ ಪರಿಶೀಲನೆ ಮಾಡಿಸಿತು. ಎಐಎಸ್-156 ಎನ್ನುವ ಸುರಕ್ಷತಾ ಮಾನದಂಡಗಳನ್ನು ಬಿಗಿ ಮಾಡಿ, ಅವನ್ನು 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31 ಎಂದು ಎರಡು ಹಂತದಲ್ಲಿ ಜಾರಿಗೆ ತಂದಿತು. ಬ್ಯಾಟರಿ ನೀರು ತಡೆಯಬೇಕು, ಒಳಗಿನ ಅನಿಲದ ಒತ್ತಡ ಹೊರಹೋಗಲು ದಾರಿ ಇರಬೇಕು, ಒಂದು ಸೆಲ್ ಕೆಟ್ಟರೆ ಇಡೀ ಪ್ಯಾಕ್ ಸಿಡಿಯದಂತೆ ಪರೀಕ್ಷೆ ಆಗಬೇಕು, ಶಾಖ ಏರಿದರೆ ಬೆಳಕು, ಸದ್ದಿನ ಮೂಲಕ ಸವಾರನಿಗೆ ತಿಳಿಸಬೇಕು ಎಂಬುದೆಲ್ಲ ಅದರಲ್ಲಿದೆ. ಆದ್ದರಿಂದ ಯಾರಾದರೂ ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುತ್ತೇನೆಂದರೆ ಯಾವ ತಿಂಗಳು ತಯಾರಾದದ್ದು, ಬ್ಯಾಟರಿ ಮೂಲದ್ದೇ, ಎಲ್ಲಾದರೂ ಬಿಚ್ಚಿಸಿದ್ದಾರೆಯೇ ಎಂದು ಮೊದಲು ಕೇಳಲು ಹೇಳು. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್ ಒಳಗಿನ ಮೋಟಾರಿನ ಗಾಡಿಗಳಿಗೆ ಲೈಸೆನ್ಸು, ನೋಂದಣಿ ಬೇಡ ಎಂಬ ನಿಯಮವಿದೆ. ಅದು ಓಡಿಸುವುದಕ್ಕೆ ಸಿಕ್ಕ ರಿಯಾಯಿತಿ, ಬ್ಯಾಟರಿಯ ಗುಣಮಟ್ಟಕ್ಕೆ ಸಿಕ್ಕ ರಿಯಾಯಿತಿಯಲ್ಲ. ಬ್ರ್ಯಾಂಡ್ ಹೆಸರಿಲ್ಲದ, ಬಿಲ್ ಇಲ್ಲದ ಅಗ್ಗದ ಗಾಡಿಯನ್ನು ನಿನ್ನ ತಂಗಿಯ ಕಾಲೇಜಿಗೆಂದು ತರಬೇಡ.

ಬ್ಯಾಟರಿ ಕೆಡುವ ಮೊದಲು ಬಹಳ ಸಲ ಸೂಚನೆ ಕೊಡುತ್ತದೆ. ಪೆಟ್ಟಿಗೆ ಉಬ್ಬುವುದು, ಎಂದಿಗಿಂತ ಹೆಚ್ಚು ಬಿಸಿಯಾಗುವುದು, ಥಿನ್ನರಿನಂಥ ಸಿಹಿ ವಾಸನೆ, ದ್ರವ ಜಿನುಗುವುದು, ಚಟ್‌ಪಟ್ ಅಥವಾ ಹಿಸ್ಸೆನ್ನುವ ಸದ್ದು, ಇದ್ದಕ್ಕಿದ್ದಂತೆ ಚಾರ್ಜ್ ಬಿದ್ದುಹೋಗುವುದು. ಉಬ್ಬು, ಬಿಸಿ, ಜಿನುಗು ಕಂಡರೆ ಆ ಗಾಡಿಯನ್ನು ಬಳಸಬೇಡ, ಚಾರ್ಜಿಗೆ ಹಾಕಬೇಡ, ಹೊರಗೆ ಬಯಲಲ್ಲಿ ಬಿಟ್ಟು ಕಂಪನಿಗೆ ಫೋನ್ ಮಾಡು. ಆದರೆ ಹಿಸ್ಸೆನ್ನುವ ಸದ್ದು ಕೇಳಿದರೆ, ಬಿಳಿ ಹೊಗೆ ಬರತೊಡಗಿದರೆ ಗಾಡಿಯನ್ನು ತಳ್ಳಿ ಹೊರಗೆ ಹಾಕೋಣ ಎಂಬ ಸಾಹಸ ಬೇಡ. ಬ್ಯಾಟರಿಯನ್ನು ಕೈಯಲ್ಲಿ ಎತ್ತುವುದಂತೂ ಬೇಡ. ಆ ಬಿಳಿ ಹೊಗೆಯೇ ಹತ್ತಿಕೊಂಡು ಸಿಡಿಯುವಂಥದ್ದು. ಹೊಗೆಗೂ ಜ್ವಾಲೆಗೂ ನಡುವೆ ಕೆಲವೇ ಕ್ಷಣಗಳಿರಬಹುದು.

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನೂ ಪ್ರಯೋಜನವಿಲ್ಲ, ಹಾಗಾಗಿ ಈಗಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ಹೊಗೆ ಕಂಡ ಕೂಡಲೇ ಕೂಗಿ ಎಲ್ಲರನ್ನೂ ಎಬ್ಬಿಸಬೇಕು. ಅಜ್ಜಿಯ ಕೈ ಯಾರು ಹಿಡಿಯಬೇಕು, ಮಗುವನ್ನು ಯಾರು ಎತ್ತಿಕೊಳ್ಳಬೇಕು ಎಂಬುದು ಮೊದಲೇ ಗೊತ್ತಿರಬೇಕು. ಒಡವೆ, ಫೋನು, ಗಾಡಿಯ ಕಾಗದ ಹುಡುಕುತ್ತಾ ನಿಲ್ಲಬಾರದು. ಹೊಗೆ ಮೇಲೆ ತುಂಬುತ್ತದೆ, ತಲೆ ತಗ್ಗಿಸಿ ನೆಲಕ್ಕೆ ಹತ್ತಿರವಾಗಿ ಹೋಗಬೇಕು. ಹೊರಬರುತ್ತಾ ಬಾಗಿಲು ಎಳೆದುಕೊಂಡು ಬರಬೇಕು. ಮುಚ್ಚಿದ ಬಾಗಿಲು ಹೊಗೆಯನ್ನು ಬಹಳ ಹೊತ್ತು ತಡೆಯುತ್ತದೆ. ಮೈನ್ ಸ್ವಿಚ್ಚು ಬೆಂಕಿಯಿಂದ ದೂರವಿದ್ದು ಕೈಗೆ ಸಿಗುವಂತಿದ್ದರೆ ಮಾತ್ರ ಆರಿಸು. ಹೊರಗೆ ಬಂದ ಮೇಲೆ 112ಕ್ಕೋ 101ಕ್ಕೋ ಫೋನ್ ಮಾಡಿ ‘ಎಲೆಕ್ಟ್ರಿಕ್ ಗಾಡಿಯ ಲಿಥಿಯಂ ಬ್ಯಾಟರಿ ಉರಿಯುತ್ತಿದೆ’ ಎಂದು ಸ್ಪಷ್ಟವಾಗಿ ಹೇಳು. ಬಂದವರು ಅದಕ್ಕೆ ತಕ್ಕಂತೆ ಸಿದ್ಧರಾಗುತ್ತಾರೆ. ಅವರು ಹೆಚ್ಚು ನೀರು ಸುರಿದು ಬ್ಯಾಟರಿಯನ್ನು ತಣಿಸುತ್ತಾರೆ. ನಿನ್ನ ಒಂದು ಬಕೆಟ್ ನೀರು ಅದಕ್ಕೆ ಸಾಲದು, ಚಾರ್ಜಿನಲ್ಲಿದ್ದ ಗಾಡಿಗೆ ನೀರು ಎರಚಲು ಹತ್ತಿರ ಹೋದರೆ ಶಾಕ್ ಹೊಡೆಯುವ ಭಯವೂ ಇದೆ. ಮನೆಯ ಪೌಡರ್ ಅಗ್ನಿಶಾಮಕ ಸಿಲಿಂಡರು ಪಕ್ಕದ ಪರದೆಗೆ, ಮರಕ್ಕೆ ಹತ್ತಿದ ಬೆಂಕಿಯನ್ನು ಆರಿಸಬಲ್ಲದು, ಬ್ಯಾಟರಿಯ ಒಳಗಿನ ಶಾಖವನ್ನು ಇಳಿಸಲಾರದು.

ದಾರಿ ಪೂರ್ತಿ ಮುಚ್ಚಿಹೋಗಿದ್ದರೆ ಬಚ್ಚಲುಮನೆಗೆ ಓಡಬೇಡಿ. ನೀರಿದೆ ಎಂಬ ಧೈರ್ಯಕ್ಕೆ ಎಲ್ಲರೂ ಮೊದಲು ಓಡುವುದು ಅಲ್ಲಿಗೇ. ಆದರೆ ಚಿಕ್ಕ ಬಚ್ಚಲಿನಲ್ಲಿ ಹೊಗೆ ತುಂಬಿದರೆ ಉಸಿರಾಡಲು ಗಾಳಿಯೇ ಉಳಿಯುವುದಿಲ್ಲ. ರಸ್ತೆಯ ಕಡೆ ಕಿಟಕಿ ಅಥವಾ ಬಾಲ್ಕನಿ ಇರುವ ಕೋಣೆಗೆ ಹೋಗಿ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ಒತ್ತಿ, ಕಿಟಕಿಯಿಂದ ಕೂಗಿ ಕರೆಯಿರಿ. ಓನರ್ ಹತ್ತಿರ ಹೇಳಿ ಒಂದು ಕಿಟಕಿಯ ಗ್ರಿಲ್ಲನ್ನಾದರೂ ಒಳಗಿನಿಂದ ತೆಗೆಯುವ ಹಾಗೆ ಮಾಡಿಸು, ಅದರ ಕೀಲಿಕೈ ಪಕ್ಕದಲ್ಲೇ ನೇತುಹಾಕಿರಲಿ. ಸೆಲ್ ಹಾಕಿ ನಡೆಸುವ ಸ್ಮೋಕ್ ಅಲಾರಂ ಒಂದನ್ನು ತಂದು ಮಲಗುವ ಕೋಣೆಯ ಹೊರಗೆ ಸೂರಿಗೆ ಹಾಕು. ಗಾಡಿಯ ಬೆಲೆಯ ಮುಂದೆ ಅದು ಏನೇನೂ ಅಲ್ಲ.

ಬೆಂಕಿ ಆರಿದ ಮೇಲೂ ಸುಟ್ಟ ಬ್ಯಾಟರಿಯನ್ನು ಒಳಗೆ ತರಬೇಡ. ಗಂಟೆಗಳ ನಂತರ, ಕೆಲವು ಸಲ ದಿನಗಳ ನಂತರವೂ ಮತ್ತೆ ಹತ್ತಿಕೊಂಡದ್ದುಂಟು. ಆಯಸ್ಸು ಮುಗಿದ ಬ್ಯಾಟರಿಯನ್ನು ಗುಜರಿಯವನಿಗೆ ಕೊಡುವುದೂ ತಪ್ಪು. ಸುತ್ತಿಗೆಯಲ್ಲಿ ಒಡೆಯುವವನು ನಿನ್ನಂತೆಯೇ ಮನೆಮಂದಿ ಇರುವ ಮನುಷ್ಯ. ಬ್ಯಾಟರಿಯನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಡೀಲರ್ ಹತ್ತಿರವೇ ಕೊಟ್ಟು ರಸೀದಿ ತೆಗೆದುಕೊ.

ಕೊನೆಯದಾಗಿ ನಿನ್ನ ಬೀದಿಯ ಡೆಲಿವರಿ ಹುಡುಗರ ಬಗ್ಗೆ ಒಂದು ಮಾತು. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವರು ಅವರು. ಕೋಣೆಯಲ್ಲಿ ಚಾರ್ಜ್ ಮಾಡಬೇಡ ಎಂದು ಬೈದರೆ ಎಲ್ಲಿ ಮಾಡಬೇಕು ಅಂತ ಅವರು ಕೇಳುವುದು ನ್ಯಾಯವೇ. ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ಪಡೆಯುವ ಕೇಂದ್ರಗಳು ಹತ್ತಿರವಿದ್ದರೆ ತೋರಿಸಿಕೊಡು. ನಿಮ್ಮ ಕಟ್ಟಡದಲ್ಲಿ ಸಭೆ ನಡೆದಾಗ ಎಲೆಕ್ಟ್ರಿಕ್ ಗಾಡಿಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕೋಣ ಎನ್ನುವವರು ಇರುತ್ತಾರೆ. ಬೋರ್ಡು ಹಾಕಿದರೆ ಬ್ಯಾಟರಿಗಳು ಕದ್ದುಮುಚ್ಚಿ ಕೋಣೆಯೊಳಗೆ ಸೇರುತ್ತವೆ, ಅಪಾಯ ಇನ್ನೂ ಹೆಚ್ಚುತ್ತದೆ. ಅದರ ಬದಲು ಕಟ್ಟಡದಿಂದ ಆಚೆ, ಶೀಟಿನ ಕೆಳಗೆ, ಸರಿಯಾದ ವೈರಿಂಗ್ ಇರುವ ನಾಲ್ಕು ಪಾಯಿಂಟು ಮಾಡಿಸೋಣ ಎಂದು ನೀನು ಎದ್ದು ನಿಂತು ಹೇಳು. ಮೂರನೇ ಮಹಡಿಯ ಮುದುಕರೂ ಕೆಳಗಿನ ಕೋಣೆಯ ಡೆಲಿವರಿ ಹುಡುಗನೂ ಇಳಿದು ಬರುವುದು ಒಂದೇ ಮೆಟ್ಟಿಲಿನಲ್ಲಿ. ಅದನ್ನು ತೆರವಾಗಿ ಇಟ್ಟುಕೊಳ್ಳುವುದು ಎಲ್ಲರ ಕೆಲಸ.

ಈ ವಾರದೊಳಗೆ ಮೂರು ಕೆಲಸ ಮಾಡಿ ಮುಗಿಸು. ಗಾಡಿಯನ್ನು ಮೆಟ್ಟಿಲ ಬುಡದಿಂದ ತೆಗೆದು ಗೇಟಿನ ಕಡೆ ನಿಲ್ಲಿಸು. ಎಲೆಕ್ಟ್ರಿಷಿಯನ್ ಕರೆಸಿ ಪಾಯಿಂಟು, ಅರ್ತಿಂಗ್ ನೋಡಿಸು. ಮಲಗುವ ಮುಂಚೆ ಪ್ಲಗ್ ತೆಗೆಯುವ ಅಭ್ಯಾಸವನ್ನು ಇವತ್ತು ರಾತ್ರಿಯಿಂದಲೇ ಶುರು ಮಾಡು. ಮುಗಿದ ಮೇಲೆ ನನಗೊಂದು ಫೋನ್ ಮಾಡಿ ತಿಳಿಸು. ಮುಂದಿನ ಸಲ ನಾನು ಬೆಂಗಳೂರಿಗೆ ಬಂದಾಗ ನಿನ್ನ ಗಾಡಿಯ ಹಿಂದೆ ಕೂತು ಲಾಲ್‌ಬಾಗಿಗೆ ಹೋಗೋಣ.

ನಿನ್ನ ಪ್ರೀತಿಯ
ದೊಡ್ಡಪ್ಪ